ಹೂಂ ಅನ್ನುವ ನಾಲ್ಕು ಬಗೆ

ಮಂಡಕ್ಕಿ ಭಟ್ಟಿಯ ಮೂರನೇ ಸಾಲಿನಲ್ಲಿ
ಸಂಜೆ ಬೆಂಕಿ ಇಳಿಸಿದ ಮೇಲೆ
ಆರಿದ ಮರಳನ್ನು ನೆಲಕ್ಕೆ ಹರಡಿ
ಕಡ್ಡಿ ಹಿಡಿದು ಕೂರುತ್ತಾಳೆ ಮುಬೀನಾ.
ಸೆಪ್ಟೆಂಬರಿಗೆ ಕುನ್‌ಮಿಂಗ್, ಡಾಕ್ಟರ್ ಓದು.
ಬೇರಿಂಗ್ ಅಂಗಡಿಯ ಶಟರ್ ಎಳೆದು
ಸೀಮೆಎಣ್ಣೆಯಲ್ಲಿ ಕೈಯ ಗ್ರೀಸು ತೊಳೆದು ಬರುವ ನಾನು
ಅವಳ ಮೇಷ್ಟ್ರು.

ತೈವಾನಿನಲ್ಲಿ ಮೂರು ವರ್ಷ ಮಗ್ಗದ ಯಂತ್ರ ಬಿಚ್ಚಿ ಕಟ್ಟಿದವನು.
ಓದಲು ಬರುವ ಅಕ್ಷರ ಇನ್ನೂರು ಇರಬಹುದು,
ಅದರಲ್ಲಿ ಅರ್ಧ ಸ್ಪೇರ್ ಪಾರ್ಟಿನ ಹೆಸರು.
ಇಮಾಮ್ ಸಾಬರಿಗೆ ಅಷ್ಟೇ ಸಾಕು:
‘ಈ ದಾವಣಗೆರಿಯಾಗೆ ನಿನ್ ಬಿಟ್ರೆ ಇನ್ಯಾರದಾರೆ ಕೊಟ್ರೇಶಾ?’

ಮೊದಲ ದಿನವೇ ಹುಡುಗಿ ಅತ್ತಳು.
ಒಂದೇ ಸದ್ದಿಗೆ ನಾಲ್ಕು ಏರಿಳಿತ, ನಾಲ್ಕು ಅರ್ಥ,
ನನ್ನ ನಾಲಿಗೆಗೆ ಆಗೋದಲ್ಲ ಅಣ್ಣಾ.
ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ,
ಎರಡರಲ್ಲೂ ಜಗಳ ಆಡ್ತೀಯಲ್ಲ, ಇದೇನು ಮಹಾ ಅಂದೆ.
ನಿಮ್ಮಮ್ಮ ಹೂಂ ಅನ್ನೋದು ಕೇಳಿದ್ದೀಯಾ?
ಧಾರಾವಾಹಿ ನೋಡುತ್ತಾ ನಿನ್ನ ಮಾತಿಗೆ ಎಳೆಯುವ ಹೂಂ,
ಅದು ಒಂದನೆಯದು, ಪಿ.ಬಿ. ರಸ್ತೆಯಂತೆ ನೆಟ್ಟಗೆ.
ಅಕ್ಕಿ ಮೂಟೆಯ ಲೆಕ್ಕ ತಪ್ಪಿದಾಗ
ಹುಬ್ಬಿನ ಜತೆ ಮೇಲೇಳುವ ಹೂಂ? ಎರಡು.
ಯಾರದೋ ನಿಕಾ ಮುರಿದ ಸುದ್ದಿಗೆ
ಬಾವಿಗಿಳಿದು ಮೆಲ್ಲಗೆ ಹತ್ತಿ ಬರುತ್ತದಲ್ಲ, ಅದು ಮೂರು.
ಇನ್ನು, ಸಾಕು ಎದ್ದೋಗು ಅನ್ನುವ ಹೂಂ,
ಮೊರ ನೆಲಕ್ಕೆ ಕುಕ್ಕಿದ ಹಾಗೆ.
ಮುಬೀನಾ ನಕ್ಕಳು. ಜರಡಿ ಹಿಡಿದಿದ್ದ ಅವಳಮ್ಮ
ನಗಲಿಲ್ಲ. ಹೂಂ ಅಂದರು.
ನಾಲ್ಕನೆಯದು.

ನಾಲ್ಕು ಅಂದರೆ ಅಲ್ಲಿ ಸಾವಿನ ಸದ್ದು.
ನಾನಿದ್ದ ಕಟ್ಟಡದಲ್ಲಿ ಮೂರರ ಮೇಲೆ ನೇರ ಐದು.
ಆ ಐದರಲ್ಲಿ ಮೂರು ವರ್ಷ
ನಾಲ್ಕರಲ್ಲೇ ಮಲಗಿ ಎದ್ದೆ.
ಸಂಜೆ ಪಿಯಾನೋ ನುಡಿಸುತ್ತಾ ಗಾಡಿ ಬರುತ್ತಿತ್ತು,
ಐಸ್‌ಕ್ರೀಮು ಅಂತ ಚಿಲ್ಲರೆ ಹಿಡಿದು ಓಡಿದರೆ
ಕಸದ ಲಾರಿ.
ಇಡೀ ಬೀದಿ ಚೀಲ ಹಿಡಿದು ನಿಂತಿದೆ, ನಾನೊಬ್ಬ ನಾಣ್ಯ ಹಿಡಿದು.

ಮರಳಿನ ಮೇಲೆ ಮೊದಲು ಬರೆಸಿದ್ದು ‘ಸು’, ಸಸ್ಯಾಹಾರ.
ಕೊರಳಲ್ಲಿ ಕರಡಿಗೆ ಕಟ್ಟಿಕೊಂಡವನು
ಆ ಒಂದಕ್ಷರ ಹುಡುಕಿ ಬೀದಿ ಬೀದಿ ಅಳೆದಿದ್ದೆ.
ನಿನ್ನದು ಬೇರೆ ತಾಯಿ, ಎರಡಕ್ಷರ, ‘ಛಿಂಗ್ ಚೆನ್’,
ಹಸಿರು ಬೋರ್ಡಿನ ಮೇಲೆ ಇರುತ್ತದಂತೆ, ನಾನು ತಿಂದಿಲ್ಲ.
ಗೀಟು ಗೀಟಾಗಿ ಎಳೆದಳು.
ಬೆಕ್ಕು ಬಂದು ಅದರ ಮೇಲೆ ಮಲಗಿತು.

ಒಂದು ಭಾನುವಾರ ಢಂ ಅಂತ ಸದ್ದು.
ಗಲ್ಲಿಯ ಮೂಲೆಯಲ್ಲಿ ಕಬ್ಬಿಣದ ಉರುಳೆ ತಿರುಗಿಸುವ ಮುದುಕ,
ಸುತ್ತ ಕಿವಿ ಮುಚ್ಚಿದ ಮಕ್ಕಳು, ಬಿಳಿ ಹೊಗೆ,
ಹೊಗೆಯೊಳಗಿಂದ ಸುರಿದದ್ದು ಮಂಡಕ್ಕಿ!
ಪಾಕ ಹಾಕಿ, ಒತ್ತಿ, ಇಟ್ಟಿಗೆ ಕತ್ತರಿಸಿದ.
ಖಾರ ಇಲ್ಲ, ಈರುಳ್ಳಿ ಇಲ್ಲ, ಪಕ್ಕಕ್ಕೆ ಮಿರ್ಚಿ ಇಲ್ಲ.
ನಮ್ಮೂರಲ್ಲಿ ಇದಕ್ಕೇ ಒಂದು ಬಡಾವಣೆ ಇದೆ ಅನ್ನಲು ಹೋಗಿ
ಬಾಯಿಗೆ ಸಿಕ್ಕಿದ್ದು ‘ಈ ಅಕ್ಕಿ, ನನ್ನ ಮನೆ’.
ಮುದುಕ ಏನಂದುಕೊಂಡನೋ,
ಎರಡು ತುಂಡು ಹೆಚ್ಚಿಗೆ ಕಟ್ಟಿದ.

ಹೇಳದೆ ಬಿಟ್ಟದ್ದೂ ಇದೆ.
ಮೊದಲ ಚಳಿಗಾಲದ ಎರಡು ವಾರ
ನಾನಾಡಿದ್ದು ಬರೀ ಅಂಕಿ, ಇಂಚು, ಎಂ.ಎಂ.
ಕನ್ನಡ ಆಡಬೇಕು ಅನಿಸಿದಾಗ ಯಂತ್ರದ ಹಿಂದೆ ಕೂತು
ತುಕ್ಕು ಹಿಡಿದ ನಟ್ಟಿಗೆ
ಬಾರಲೇ, ತಿರುಗಲೇ, ನಿನ್ನ ಕೈ ಮುಗಿತೀನಿ ಅನ್ನುತ್ತಿದ್ದೆ.

ನಿನ್ನೆ ಕೊನೆಯ ಪಾಠ.
ಸೂಟ್‌ಕೇಸಿಗೆ ಬೀಗ ತರಲು ಹೋದ ಹುಡುಗಿ ಇನ್ನೂ ಬಂದಿರಲಿಲ್ಲ.
ಅವಳಮ್ಮ ಜರಡಿ ಇಟ್ಟು, ಸೆರಗಿಗೆ ಕೈ ಒರೆಸಿ,
‘ಹಾಸ್ಟೆಲಿನೋರು ಫೋನೆತ್ತಿದ್ರೆ
ನನ್ನ ಮಗಳ್ನ ಕರೀರಿ ಅನ್ನಾಕೆ ಹೆಂಗನ್ಬೇಕಪ್ಪಾ?’
ಅವಳ ಫೋನು ಅವಳೇ ಎತ್ತುತ್ತಾಳೆ ಅನ್ನಲಿಲ್ಲ ನಾನು.
ಹೇಳಿಕೊಟ್ಟೆ.
ಐದು ಸಲ ಅಂದರು, ಮರಳು ನೋಡುತ್ತಾ.
ಏರಿಳಿತ ಎಲ್ಲ ತಪ್ಪು,
ಮಗಳು ಅನ್ನುವಲ್ಲಿ ಮಾತ್ರ
ಬಾವಿಗಿಳಿದು ಹತ್ತಿದ್ದು ಸರಿಯಿತ್ತು.
ಸರಿ ಐತಾ ಅಂದರು.
ಹೂಂ ಅಂದೆ.