ಮೂರು ಬೆರಳಿನ ಅಳತೆ

ಬೆಳಿಗ್ಗೆ ಆರಕ್ಕೆ ಡೈರಿಯ ಬಾಗಿಲು ತೆಗೆಯುತ್ತೇನೆ.
ಕ್ಯಾನು, ಸ್ಟೀಲ್ ಬಿಂದಿಗೆ, ಬಾಯಿಗೆ ಬಾಳೆಲೆ ಕಟ್ಟಿದ ಚೊಂಬು
ಸಾಲಾಗಿ ನಿಲ್ಲುತ್ತವೆ.
ಗಾಜಿನ ಕಡ್ಡಿ ಹಾಲಿನಲ್ಲಿ ಮುಳುಗಿ, ತೇಲಿ,
ಯಾವ ಹಸು ನಲ್ಲಿಯ ನಂಟು ಬೆಳೆಸಿದೆಯೆಂದು
ಹೇಳಿಬಿಡುತ್ತದೆ.
ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಇಪ್ಪತ್ತಮೂರು.
ಪಿಳ್ಳಪ್ಪನ ಮುಖ ಇಳಿಯುತ್ತದೆ.
ಹನ್ನೊಂದು ವರ್ಷದಿಂದ ಈ ಊರಲ್ಲಿ
ನನಗೆ ಯಾರೂ ನೀರು ಕುಡಿಸಿಲ್ಲ.

ಮನೆಯಲ್ಲಿ ಅತ್ತೆ ಅಕ್ಕಯಮ್ಮ ಕುಡಿಸುತ್ತಾಳೆ,
ಉಪ್ಪು ನೀರು.

ಶ್ರೀನಿವಾಸಪುರದ ಡಾಕ್ಟರು ಹೇಳಿ ವರ್ಷವಾಯಿತು:
ಇಡೀ ದಿನಕ್ಕೆ ಒಂದೇ ಟೀ ಚಮಚ, ಅದೂ ತಲೆ ಸವರಿ.
ಉಪ್ಪಿನಕಾಯಿ, ಹಪ್ಪಳ ಬೇಡ. ಮಾತ್ರೆ ಬಿಡಬೇಡಿ.
ಅತ್ತೆ ತಲೆಯಾಡಿಸಿದಳು.
ಬಸ್ಸು ಹತ್ತಿದ ಮೇಲೆ ಹೇಳಿದಳು,
"ಆ ಹುಡುಗ ಮುದ್ದೆ ಮುರಿದವನಲ್ಲ ಬಿಡು."

ನಾನು ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿದೆ.
ಅತ್ತೆ ಕಲ್ಲುಪ್ಪನ್ನು ರಾಗಿ ವಾಡೆಯ ಹಿಂದಕ್ಕೆ ಇಳಿಸಿದಳು.
ಬಸ್ಸಾರಿಗೆ ಚಮಚ ಹಿಡಿದು ಅಳೆದು ಹಾಕಿ
ದನಕ್ಕೆ ಹುಲ್ಲು ಹಾಕಿ ಬರುವಷ್ಟರಲ್ಲಿ
ಸಾರಿನ ತೂಕ ಹೆಚ್ಚಿರುತ್ತಿತ್ತು.
ಹೆಬ್ಬೆರಳು, ತೋರುಬೆರಳು, ನಡುಬೆರಳು:
ಐವತ್ತು ವರ್ಷದ ಅಳತೆ,
ಯಾವ ಇಲಾಖೆಯೂ ಮುದ್ರೆ ಒತ್ತದ್ದು.

"ಉಪ್ಪಿಗಿಂತ ರುಚಿಯಿಲ್ಲ" ಅನ್ನುತ್ತಾಳೆ.
ಗಾದೆಯ ಮಿಕ್ಕರ್ಧ ನುಂಗಿಕೊಳ್ಳುತ್ತಾಳೆ,
ಸೊಸೆಯ ಮುಂದೆ ತಾಯಿಯ ಮಾತೇಕೆ.
ನನ್ನ ಗಂಡ ಚಲಪತಿ, ಯಾವ ಪಕ್ಷಕ್ಕೂ ಸೇರದವನು,
ಮುದ್ದೆ ಅದ್ದುತ್ತಾ "ಇವತ್ತು ಸಾರು ಚೆನ್ನಾಗಿದೆ" ಅಂದರೆ
ಅತ್ತೆ ಗೋಡೆಯ ಕಡೆ ತಿರುಗಿ ನಗುತ್ತಾಳೆ.
ಸಾರಿನಲ್ಲಿ ಬಿಡುವ ಕಡ್ಡಿಯೊಂದನ್ನು
ಯಾರೂ ಯಾಕೆ ಮಾಡಿಲ್ಲವೋ.

ಮಾವಿನ ಕಾಯಿ ಬಲಿಯುವ ಕಾಲ.
ಡೈರಿಯಲ್ಲೇ ಒಂದು ದಿನ ತಪಾಸಣೆ ಇಟ್ಟರು.
ಎಲ್ಲರನ್ನೂ ಸಾಲಾಗಿ ನಿಲ್ಲಿಸಿದವಳು ನಾನೇ.
ಕೊನೆಗೆ ನರ್ಸಮ್ಮ "ನೀವೂ ಕೈ ಕೊಡಿ" ಅಂದಳು.
ಪಟ್ಟಿ ಬಿಗಿಯಿತು, ಬಿಟ್ಟಿತು, ಮತ್ತೆ ಬಿಗಿಯಿತು.
ನೂರ ಐವತ್ತೆಂಟು, ತೊಂಬತ್ತೆಂಟು.
"ಮೂವತ್ತೊಂಬತ್ತಕ್ಕೇ?"
ಪಿಳ್ಳಪ್ಪ ನನ್ನ ಮುಖ ನೋಡಲಿಲ್ಲ,
ಅದು ಅವನ ದೊಡ್ಡತನ.

ಮನೆಯಲ್ಲಿ ನಾನು ಹೇಳಲಿಲ್ಲ. ಊರು ಹೇಳಿತು.
ಹಾಲಿಗಿಂತ ಬೇಗ ಉಕ್ಕುವುದು ಸುದ್ದಿ.

ಸಂಜೆ ಅತ್ತೆ ಅಟ್ಟಕ್ಕೆ ಏಣಿ ಹಾಕಿಸಿದಳು.
ಉಪ್ಪಿನಕಾಯಿ ಜಾಡಿ ಮೇಲೇರಿತು.
ವಾಡೆಯ ಹಿಂದಿನ ಕಲ್ಲುಪ್ಪು ಹೊರಬಂದು
ಹಸುವಿನ ಕಲಗಚ್ಚಿನ ಪಾಲಾಯಿತು.
ತೋಟದಿಂದ ಎರಡು ಮಾವಿನಕಾಯಿ ತರಿಸಿ
ಬೇಳೆಯ ಜೊತೆ ಬೇಯಲಿಟ್ಟಳು,
ದಂಟು, ನುಗ್ಗೆಸೊಪ್ಪು,
ಬೋರ್‌ವೆಲ್ ಕಾಲುವೆಯ ಅಂಚಿನ ಹೊನಗೊನ್ನೆ.
ಬೆಳ್ಳುಳ್ಳಿ ಜಜ್ಜಿದಳು, ಜಜ್ಜಿದಳು, ಜಜ್ಜಿದಳು,
ಯಾರ ಮೇಲಿನ ಕೋಪವೋ.

ಆಮೇಲೆ ಡಬ್ಬಿಗೆ ಕೈ ಹಾಕಿದಳು.
ನಾನು ಬಾಗಿಲ ಮರೆಯಲ್ಲಿದ್ದೆ.
ಹೆಬ್ಬೆರಳು. ತೋರುಬೆರಳು.
ನಡುಬೆರಳು ಮಡಚಿಕೊಂಡೇ ಇತ್ತು,
ಬೈಸಿಕೊಂಡ ಮಗುವಿನ ಹಾಗೆ.

ತನ್ನ ಜೀವಕ್ಕೆಂದು ಒಂದು ಹರಳೂ ಬಿಡದಿದ್ದವಳು.

ಊಟಕ್ಕೆ ಕೂತಾಗ ಲಿಖಿತಾ "ಅಜ್ಜಿ, ಸಪ್ಪೆ" ಅಂದಳು.
"ಹುಳಿ ಇದೆ, ಖಾರ ಇದೆ, ಸೊಪ್ಪಿದೆ.
ನಾಲಿಗೆ ಕಲಿಯೋಕೆ ಎರಡು ವಾರ ಕೊಡು."
ಆ ಡಾಕ್ಟರು ಹುಡುಗನ ಮಾತೇ ಅದು,
ಕಿವಿಗೆ ಹಾಕಿಕೊಂಡಿಲ್ಲ ಅಂದುಕೊಂಡಿದ್ದೆ.
ಅವಳ ಮಾತ್ರೆ, ನನ್ನ ಮಾತ್ರೆ
ಈಗ ಒಂದೇ ಲೋಟದ ನೀರಿಗೆ.

ಮೊನ್ನೆ ಭಾನುವಾರ, ಹಿತ್ತಲಲ್ಲಿ,
ಮಾವಿನ ಹೋಳಿನ ಮೇಲೆ ಒಂದು ಹರಳು,
ಒಂದೇ ಹರಳು ಇಟ್ಟುಕೊಂಡು
ಅತ್ತೆ ಕಣ್ಣು ಮುಚ್ಚಿ ಚೀಪುತ್ತಿದ್ದಳು.
ನೋಡಿದೆ.
ರಿಜಿಸ್ಟರಿನಲ್ಲಿ ಬರೆಯಲಿಲ್ಲ.