ತಿರುವಿನ ಮೆಟ್ಟಿಲು

ತ್ಬಿಲಿಸಿಯ ಹಳೇ ಓಣಿ, ಸವೆದ ಮರದ ಮೆಟ್ಟಿಲು.
ಮೂರನೇ ಮಹಡಿಗೆ ಪಿಯಾನೊ.
ಹೊತ್ತವರು ನಾಲ್ವರು, ಹೆಗಲಿಗೆ ಪಟ್ಟಿ;
ಮಾತಿಲ್ಲ, ಉಸಿರಿಗೆ ಉಸಿರೇ ಲೆಕ್ಕ.

ತಿರುವಿನಲ್ಲಿ, ಎಲ್ಲರಿಗಿಂತ ಕಿರಿಯ ಗೋಚಾ
"ನಿಲ್ಲಿ" ಅಂದ.
ನಿಂತರು.
ಏಕೆಂದು ಕೇಳಲಿಲ್ಲ ಯಾರೂ,
ಮೂವತ್ತು ವರ್ಷ ಹೊತ್ತ ತಮಾಜ್ ಕೂಡ.
ಭಾರ ಹಾಗೇ ಹೆಗಲ ಮೇಲೆ.
ಹುಡುಗ ಕಾಲಲ್ಲೇ ಮೆಟ್ಟಿಲು ತಡವಿದ:
ಒಂದು ಹಲಗೆ ಟೊಳ್ಳು.
"ಹೂಂ, ಎಡಕ್ಕೆ."

ಬಾಗಿಲು ಹಿಡಿದು ನಿಂತಿದ್ದೆ ನಾನು,
ಹನ್ನೆರಡು ಜನರ ಕಚೇರಿಗೆ ಯಜಮಾನಿ.
ನಮ್ಮಲ್ಲಿ "ನಿಲ್ಲಿ" ಅನ್ನಲು
ಅರ್ಜಿ ಬರೆಯಬೇಕು.
ಕಳೆದ ಚಳಿಗಾಲ ಏತೆರಿ ಬರೆದಿದ್ದಳು ಒಂದು.
ಓದಿದ್ದೆ,
ಎಲ್ಲ ಬಿದ್ದ ಮೇಲೆ.

ಮೇಲೆ ತಲುಪಿ ಇಳಿಸಿದರು, ಸದ್ದಿಲ್ಲದೆ.
ತಮಾಜ್ ಬೆರಳಲ್ಲಿ ಒಂದೇ ಸ್ವರ ಒತ್ತಿದ,
ಕಿವಿಗೊಟ್ಟ,
ನೀರು ಕೇಳಿದ. ಮೊದಲು ಹುಡುಗನಿಗೆ.