ಏಳನೇ ಹಾಡಿನ ನಾಲ್ಕು ಮಾತ್ರೆ

ಎಸ್ತರ್, ನಿನ್ನ ಆಲ್ಬಮ್ ಬಂತು.
ಟಾಂಗಾ ಕೂಟದ ಗಿರಮಿಟ್ ಗಾಡಿಯಾವ ಸುದ್ದಾ
ಮೂರನೇ ಹಾಡಿಗೆ ಸೌಟು ಬಡೀತಾನ.
ಸೋಲ್ ಅಂತ, ಹಿಪ್‌ಹಾಪ್ ಅಂತ, ಅರ್ಧ ಪುಟ ಫೋಟೋ.
ನಮ್ಮವ್ವ ಕೇಳಿ ಅಂದ್ಲು:
ಅರ್ಧಾ ಕೀರ್ತನಿ, ಅರ್ಧಾ ನಳದ ಮುಂದಿನ ಜಗಳಾ.

'ಒಬ್ಬಾಕಿನ ಕಟ್ಟಿದ ದನಿ' ಅಂತ ಬರದಾರ.
ಒಬ್ಬಾಕಿನ. ಹೌದು.
ಬೆಟಗೇರಿ ಚರ್ಚಿನ ಹಿಂದಿನ ಗ್ವಾಡಿಗೆ ಬೆನ್ನ ಹಚ್ಚಿ
ನಿಮ್ಮಪ್ಪನ ಮಗ್ಗದ ಲಾಳಿ ಬಡದಂಗ
ನೀ ರಾಗ ಎಳೀತಿದ್ದಿ, ನಾ ಮಾತು ಒಗೀತಿದ್ದೆ,
ಗಣಿತದ ಮಾಸ್ತರಗ, ವಾಲ್‌ಮನ್ ಶಂಕ್ರಪ್ಪಗ,
ಹದಿನೈದು ದಿನಕ್ಕೊಮ್ಮೆ ಕೆಮ್ಮೋ ನಳಕ್ಕ
ಪ್ರಾಸ ಹಚ್ಚಿ ಬೈತಿದ್ವಿ.

ನಿನ್ನೆ ಝೆರಾಕ್ಸ್ ಮಶೀನ್ ಬಂದ್ ಮಾಡಿ
ಕಿವ್ಯಾಗ ವೈರ್ ಚುಚ್ಚಿಕೊಂಡು ಕುಂತೆ.
ಏಳನೇ ಹಾಡು. ಎರಡನೇ ಚರಣ ಮುಗದಕೂಡಲೇ
ಎಲ್ಲಾ ನಿಲ್ಲತದ:
ಬೀಟು, ಬೇಸು, ನಿನ್ನ ಉಸಿರು.
ನಾಲ್ಕು ಮಾತ್ರೆ ಖಾಲಿ.
ಪೇಪರಿನಾಂವ ಬರದಾನ, ಧೈರ್ಯದ ಮೌನ.

ಮೌನ ಅಲ್ಲೋ ತಮ್ಮಾ,
ಅದು ನನ್ನ ಜಾಗಾ.
ಅಲ್ಲೇ ನಾ ಒಳಗ ಬರತಿದ್ದೆ,
ಯಾವಾಗಲೂ ಅರ್ಧ ಮಾತ್ರೆ ತಡಾ.
ನೀ ಕಣ್ಣ ಕಿಸೀತಿದ್ದಿ.

ಈಗೂ ತಡಾನ ಆತು.
ಬಾಯಿ ತೆಗಿಯೋದರಾಗ ಗಿರಾಕಿ ಬಂದ,
'ಅಕ್ಕಾರ, ಆಧಾರ್ ಕಾರ್ಡು, ಎರಡೂ ಬಾಜು.'
ಮಶೀನ್ ಹಚ್ಚಿದೆ.
ಹಸಿರು ಬೆಳಕು ಎಡದಿಂದ ಬಲಕ್ಕ ಹೋತು,
ತಿರುಗಿ ಬಂತು. ಎಣಿಸಿದೆ, ನಾಲ್ಕು.
ಗಾಜಿನ ಮ್ಯಾಲ ಬಗ್ಗಿ
ಒಂದು ಸಾಲು ಒಗದೆ, ಹಳೇದು, ಶಂಕ್ರಪ್ಪಂದು.

'ಏನಂದ್ರಿ?' ಅಂದ ಗಿರಾಕಿ.
'ನಾಲ್ಕ್ ರೂಪಾಯಿ.'